ಮಜೀದ ಕಾಕಾ ಅವರ ಮೂರು ನಕ್ಷತ್ರ

ತರಬೇತಿ ಕೇಂದ್ರದ ಆಯ್ಕೆ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕೇಂದ್ರದ ಲೇತ್ ಮಷಿನ್ ಕೆಟ್ಟಾಗಲೆಲ್ಲ ನೀವು ಯಾರನ್ನು ಕರೆಸುತ್ತೀರೋ, ಅವರನ್ನೇ ಆ ಲೇತ್ ಕಲಿಸಲು ಅನರ್ಹರೆಂದು ತಿರಸ್ಕರಿಸಿದ್ದೀರಿ. ಇದು ನನ್ನ ದೂರು. ಉಳಿದದ್ದೆಲ್ಲ ಇದರ ವಿವರ. ಪುರಸೊತ್ತಿದ್ದರೆ ಓದಿ; ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿಗೆ ಕೊಡಿ, ಹೇಗೂ ಅರ್ಜಿಗಳನ್ನು ಓದುವುದು ಅದೇ ತಾನೇ?

ನಾನು ಗೋಕುಲ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವಳು. ಹನ್ನೊಂದು ವರ್ಷದಿಂದ ಜನರಿಗೆ ರೆಸ್ಯೂಮೆ ಬರೆದುಕೊಡುತ್ತಿದ್ದೇನೆ. ಬಸ್ಸು ತಪ್ಪಿಸಿಕೊಂಡು ಸಂದರ್ಶನಕ್ಕೇ ಹೋಗದವನನ್ನು ‘ಸಮಯಪಾಲನೆಗೆ ಬದ್ಧರು’ ಎಂದು ಬರೆದಿದ್ದೇನೆ. ಅಂಗಡಿಗೆ ಬಂದು ಒಂದು ಮಾತೂ ಆಡದೆ ಅವ್ವನ ಹಿಂದೆ ನಿಂತವನಿಗೆ ‘ಅತ್ಯುತ್ತಮ ಸಂವಹನ ಕೌಶಲ’ ದಯಪಾಲಿಸಿದ್ದೇನೆ. “ನಾಯಕತ್ವ ಗುಣ ಅಂದ್ರ ಏನ್ರೀ ಅಕ್ಕಾರ?” ಎಂದು ಕೇಳಿದವರಿಗೂ ಆ ಗುಣವನ್ನು ಕೊಟ್ಟೇ ಕಳಿಸಿದ್ದೇನೆ. ಹೀಗಾಗಿ ನಿಮ್ಮ ಕಚೇರಿ ಹಂಚಿದ ‘ಪರಿಣಾಮಕಾರಿ ಸ್ವವಿವರ ಬರೆಯುವುದು ಹೇಗೆ?’ ಎಂಬ ಹನ್ನೆರಡು ಪುಟದ ಕೈಪಿಡಿ ನನಗೆ ಹೊಸದೇನನ್ನೂ ಕಲಿಸಲಿಲ್ಲ. ‘ನಿಮ್ಮನ್ನು ನೀವೇ ಹೊಗಳಿಕೊಳ್ಳಲು ಸಂಕೋಚಪಡಬೇಡಿ’ ಎಂಬ ನಾಲ್ಕನೇ ಪುಟದ ಸೂತ್ರ, ನೀವು ಅಚ್ಚು ಹಾಕಿಸುವ ಮೊದಲೇ ನನಗೆ ಬಾಯಿಪಾಠವಾಗಿತ್ತು.

ಆ ಸೂತ್ರ ಎಂದೂ ಬಾಯಿಗೆ ಬಾರದವರು ಅಬ್ದುಲಮಜೀದ ಕಾಕಾ. ನನ್ನ ಅಂಗಡಿಯ ಹಿಂದಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ನಡೆಸಿದವರು. ಹೋದ ವರ್ಷ ಕಾರ್ಖಾನೆ ಬಾಗಿಲು ಹಾಕಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮಷಿನ್ ಮೇಲಿಟ್ಟು, ಅದರ ಹಿಡಿಕೆಗೆ ಕಿವಿ ಹಚ್ಚಿ, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಅವರು ಹೇಳುತ್ತಾರೆ. ಬಿಚ್ಚಿ ನೋಡಿದರೆ ಅದೇ ಆಗಿರುತ್ತದೆ. ಒಮ್ಮೆಯೂ ತಪ್ಪಿದ್ದಿಲ್ಲ.

ನಿಮ್ಮಲ್ಲಿ ಲೇತ್ ಕಲಿಸುವ ಎರಡು ಹುದ್ದೆ ಖಾಲಿ ಎಂದು ಪ್ರಕಟಣೆ ಬಂದಾಗ ನಾನೇ ಅವರನ್ನು ಕರೆದು ಕೂರಿಸಿದೆ. ನಿಮ್ಮ ಆನ್‌ಲೈನ್ ಅರ್ಜಿಯಲ್ಲಿ ಒಂದು ಅದ್ಭುತ ಕಾಲಂ ಇದೆ. ಅಭ್ಯರ್ಥಿ ತನ್ನ ಕೌಶಲಕ್ಕೆ ತಾನೇ ಐದರಲ್ಲಿ ಇಷ್ಟು ನಕ್ಷತ್ರ ಎಂದು ಕೊಟ್ಟುಕೊಳ್ಳಬೇಕು. ನಾನು ಯೋಚಿಸದೆ ಐದು ಒತ್ತಿದೆ.

“ಎಷ್ಟು ಒತ್ತಿದಿ?” ಎಂದರು ಕಾಕಾ.

“ಐದು.”

“ತಗೀ ಅದನ್ನ. ಮೂರು ಹಾಕು.”

“ಕಾಕಾ, ಲೇತಿನ್ಯಾಗ ನಿಮಗ ಬರಲಾರದ್ದು ಏನೈತ್ರಿ?”

“ಅಷ್ಟಕ್ಕಷ್ಟ ಬರ್ತೈತಿ ನೋಡವಾ. ಐದಕ್ಕ ಐದು ಅಂದ್ರ ಇನ್ನ ಕಲಿಯೂದು ಏನ ಉಳೀತು? ನಮ್ಮ ಉಸ್ತಾದ್ರು ಎಂಬತ್ತರ ವಯಸ್ಸಿನ್ಯಾಗೂ ಪೂರಾ ಕಲ್ತೇನಿ ಅಂದಿದ್ದಿಲ್ಲ. ಅವರಿಗೆ ನಾಲ್ಕು ಅಂತ ಹಿಡಿ. ನನಗ ಮೂರಽ ಹೆಚ್ಚಾತು.”

ಅವರ ಕಣ್ಣು ತಪ್ಪಿಸಿ ಐದು ಒತ್ತುವುದು ನನಗೇನೂ ಕಷ್ಟವಿರಲಿಲ್ಲ. ಅವರೊಬ್ಬರ ಮುಂದೆ ಮಾತ್ರ ಕೈ ಏಳಲಿಲ್ಲ; ಮೂರನ್ನೇ ಒತ್ತಿ ಕಳಿಸಿದೆ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಎರಡೇ ನಿಮಿಷದಲ್ಲಿ ಫೋನಿಗೆ ನಿಮ್ಮ ಉತ್ತರ ಬಂತು: ‘ಅಗತ್ಯ ಕೌಶಲ ಇಲ್ಲ.’ ನಾಲ್ಕಕ್ಕಿಂತ ಕಡಿಮೆ ನಕ್ಷತ್ರದವರನ್ನು ಕಂಪ್ಯೂಟರ್ ತಾನಾಗಿಯೇ ಹೊರಗೆ ಹಾಕುತ್ತದಂತೆ. ಕಾಕಾ ಅದನ್ನು ಓದಿ “ಖರೇ ಐತಿ ಬಿಡು” ಎಂದು ನಕ್ಕರು. ನನಗೆ ಅಳು ಬಂತು.

ಮಾನ್ಯರೇ, ನೀವು ಈ ಕಡೆಯವರಲ್ಲವೇನೋ. ನಮ್ಮಲ್ಲಿ ‘ಅಷ್ಟಕ್ಕಷ್ಟ ಬರ್ತೈತಿ’ ಎಂದರೆ, ಆ ಕೆಲಸದಲ್ಲಿ ಅವರನ್ನು ಮೀರಿಸಿದವರು ಸುತ್ತ ಹತ್ತು ಹಳ್ಳಿಯಲ್ಲಿ ಇಲ್ಲ ಎಂದರ್ಥ. ಧಾರವಾಡದಲ್ಲಿ ನಲವತ್ತು ವರ್ಷ ತಂಬೂರಿ ಹಿಡಿದವರು ‘ಏನೋ ನಾಲ್ಕು ಸ್ವರ ಹಚ್ಚತೇವ್ರಿ’ ಎನ್ನುತ್ತಾರೆ. ‘ನನಗ ಎಲ್ಲಾ ಬರ್ತದ’ ಎಂದು ಬಂದವನಿಗೆ ನಾವು ಚಹಾ ಕುಡಿಸಿ ಕಳಿಸುತ್ತೇವೆ, ಕೆಲಸ ಹೇಳುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಶಾಲೆಯಲ್ಲಿ ನಿಮಗೂ ಕಲಿಸಿರಬೇಕಲ್ಲ? ಸದ್ದಿಲ್ಲದ ಕೊಡವೆಲ್ಲ ಖಾಲಿ ಎಂದು ನಿಮ್ಮ ಕಂಪ್ಯೂಟರಿಗೆ ಕಲಿಸಿದವರು ಯಾರು? ನಮ್ಮಪ್ಪ ಹತ್ತಿ ವ್ಯಾಪಾರಿ. ಮೂಟೆ ಕಟ್ಟಿದ ಅಂಡಿಗೆಯಿಂದ ಒಂದು ಹಿಡಿ ಹತ್ತಿ ಕಿತ್ತು, ಎಳೆ ಜಗ್ಗಿ ನೋಡಿ ದರ ಹೇಳುತ್ತಿದ್ದ. ಹತ್ತಿ ತನ್ನ ಬಗ್ಗೆ ಏನನ್ನುತ್ತದೆ ಎಂದು ಅವನು ಎಂದೂ ಕೇಳಿದ್ದಿಲ್ಲ.

ಇನ್ನು ನಿಮಗೆ ಸಿಕ್ಕ ಯೋಗ್ಯ ಅಭ್ಯರ್ಥಿಯ ಕಥೆ. ಕೆಲಗೇರಿಯ ಸುಶ್ರುತ, ಡಿಪ್ಲೊಮಾ ಮುಗಿಸಿದವನು, ಸಂಭಾವಿತ. ಅವನ ಐದು ನಕ್ಷತ್ರಗಳನ್ನು ಒತ್ತಿದ್ದೂ ಇದೇ ಕೈ. ಕೆಲಸಕ್ಕೆ ಸೇರಿ ಎರಡು ವಾರವಾಗಿರಲಿಲ್ಲ, ಫೋನ್ ಮಾಡಿದ.

“ಅಕ್ಕಾರ, ಮಜೀದ ಕಾಕಾ ಅವರ ನಂಬರ್ ಇದ್ರ ಲಗೂ ಕೊಡ್ರಿ. ಮಷಿನ್ ಚಾಲೂ ಮಾಡಿದ್ರ ಗರ್ ಅಂತದ. ಕಲಿಯೋರೆಲ್ಲಾ ನನ್ನ ಮಾರಿ ನೋಡ್ಲಿಕತ್ತಾರ. ನಮ್ಮ ಸಾಹೇಬ್ರಽ ಯಾರನ್ನಾರ ಕರಸು ಅಂದ್ರು.”

ಆ ಸಾಹೇಬರು ಯಾರೆಂದು ನಾನು ಹೇಳಬೇಕಾಗಿಲ್ಲ. ಉತ್ತರನ ಪೌರುಷ ಒಲೆ ಮುಂದೆ ಎನ್ನುತ್ತಾರೆ. ನಮ್ಮ ಐದು ನಕ್ಷತ್ರದ ಪೌರುಷ ಲೇತ್ ಮುಂದೆ ಮುಗಿಯಿತು. ಕಾಕಾ ಬಸ್ಸು ಹತ್ತಿ ಬಂದರು. ಸ್ಕ್ರೂಡ್ರೈವರಿಗೆ ಕಿವಿ ಹಚ್ಚಿದರು, ಸವೆದ ಬೇರಿಂಗ್ ಹೇಳಿದರು, ಹೊಸದನ್ನು ಕೂಡಿಸಿದರು. ಆಮೇಲೆ ಕಲಿಯುವವರನ್ನು ಒಬ್ಬೊಬ್ಬರನ್ನಾಗಿ ಕರೆದು, ಕೆಟ್ಟ ಸದ್ದು ಯಾವುದು, ಒಳ್ಳೆಯ ಸದ್ದು ಯಾವುದು ಎಂದು ಕೇಳಿಸಿದರು. ಅಂದಿನಿಂದ ಇಲ್ಲಿಯವರೆಗೆ ಮೂರು ಸಲ ಬಂದಿದ್ದಾರೆ. ನಿಮ್ಮ ಬಾಗಿಲಲ್ಲಿರುವ ಸಂದರ್ಶಕರ ಪುಸ್ತಕವನ್ನು ತೆರೆದು ನೋಡಿ. ‘ಭೇಟಿಯ ಉದ್ದೇಶ’ ಎಂಬಲ್ಲಿ ಮೂರೂ ಸಲ ಅವರು ಬರೆದದ್ದು ಒಂದೇ: ‘ಸುಮ್ಮನೆ ನೋಡಿ ಹೋಗಲು.’

ಎರಡನೇ ಹುದ್ದೆ ಇನ್ನೂ ಖಾಲಿ ಇದೆ. ‘ಅರ್ಹರು ದೊರೆಯದ ಕಾರಣ’ ಎಂದು ಮೊನ್ನೆ ಮತ್ತೆ ಪ್ರಕಟಣೆ ಹೊರಡಿಸಿದ್ದೀರಿ. ಅರ್ಹರು ನಿಮ್ಮ ಕಿಟಕಿಯ ಕೆಳಗೇ ಕೈಗೆ ಹತ್ತಿದ ಗ್ರೀಸ್ ತೊಳೆದುಕೊಳ್ಳುತ್ತಿದ್ದರು, ನೀವು ನೋಡಲಿಲ್ಲ. ಬರುವ ತಿಂಗಳ ಹದಿನೇಳಕ್ಕೆ ಕಾಕಾಗೆ ಐವತ್ತೈದು ತುಂಬುತ್ತದೆ. ನಿಮ್ಮ ವಯೋಮಿತಿಯೂ ಐವತ್ತೈದೇ. ಅದು ದಾಟಿದರೆ ಅವರು ಜೀವನಪೂರ್ತಿ ನಿಮ್ಮಲ್ಲಿ ‘ಸುಮ್ಮನೆ ನೋಡಿ ಹೋಗುವವರು’ ಆಗಿಯೇ ಉಳಿಯುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ನಕ್ಷತ್ರದ ಕಾಲಂ ತೆಗೆದುಹಾಕಿ. ಹದಿನೇಳರೊಳಗೆ ಒಂದು ದಿನ, ಅರ್ಜಿ ಹಾಕಿದವರನ್ನೆಲ್ಲ ಕೆಟ್ಟ ಮಷಿನ್ ಮುಂದೆ ನಿಲ್ಲಿಸಿ. ಹೇಗೂ ನಿಮ್ಮಲ್ಲಿ ಅದಕ್ಕೆ ಕೊರತೆಯಿಲ್ಲ. ನಕ್ಷತ್ರಗಳನ್ನು ಆಮೇಲೆ ನೀವೇ ಎಣಿಸಿ.

ಈ ಪತ್ರವನ್ನು ಕಳಿಸುವ ಮುನ್ನ ಕಾಕಾಗೆ ಓದಿ ಹೇಳಿದೆ. ಮಷಿನ್ ಸದ್ದು ಕೇಳುವ ಹಾಗೆ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

“ಒಂದು ಕಡೆ ತಪ್ಪೈತವಾ. ಒಮ್ಮೆಯೂ ತಪ್ಪಿದ್ದಿಲ್ಲ ಅಂತ ಬರದೀಯಲ್ಲ, ಹಂಗಿಲ್ಲ. ಹದಿನಾಲ್ಕು ವರ್ಷದ ಹಿಂದ ಒಂದ್ಸಲ ಮುಂದಿನ ಬೇರಿಂಗ್ ಹೋಗೇತಿ ಅಂದಿದ್ದೆ, ಬಿಚ್ಚಿದ್ರ ಹಿಂದಿಂದು ಹೋಗಿತ್ತು. ಅದನ್ನೂ ಬರಿ. ಇಲ್ಲಾಂದ್ರ ಸಾಹೇಬ್ರಿಗೆ ಸುಳ್ಳು ಹೇಳಿದಂಗ ಆಗತೈತಿ.”

ಬರೆದಿದ್ದೇನೆ, ಮಾನ್ಯರೇ.

ಇಂತಿ,
ಊರಿಗೆಲ್ಲ ಐದೈದು ನಕ್ಷತ್ರ ಹಂಚಿ, ಕೊಡಬೇಕಾದವರಿಗೆ ಕೊಡಲಾಗದವಳು,
ದಾಕ್ಷಾಯಿಣಿ
ಝೆರಾಕ್ಸ್ ಅಂಗಡಿ, ಗೋಕುಲ ರಸ್ತೆ, ಹುಬ್ಬಳ್ಳಿ