ಮೊದಲ ಸಲ ಎದುರಿಗೆ ಕೂತು ಕೇಳಿದ್ದು

ಅಕ್ಕಾ,

ಮೊದಲು ಕೂತುಕೋ, ಆಮೇಲೆ ಓದು. ಫೋನಿನಲ್ಲಿ ಹೇಳೋಣವೆಂದರೆ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಹತ್ತು ಆಡುತ್ತೀಯ. ನಾನು ಹೂಂಗುಟ್ಟಿ ಇಟ್ಟುಬಿಡುತ್ತೇನೆ. ಹೋದ ವಾರ ಆದದ್ದೂ ಅದೇ. ಅದಕ್ಕೇ ಅಂಗಡಿಯ ಬಾಗಿಲು ಅರ್ಧ ಎಳೆದು, ಕನ್ನಡಕದ ಗಾಜು ಉಜ್ಜುವ ಮೇಜಿನ ಮೇಲೆಯೇ ಕಾಗದ ಹರಡಿಕೊಂಡಿದ್ದೇನೆ.

ನಿನ್ನೆ ಭಾವ ಬಂದಿದ್ದರು. ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ನೆಪ. ನಾನು ತಿರುಪು ಬಿಗಿ ಮಾಡುತ್ತಿದ್ದಾಗ ಮೆಲ್ಲಗೆ ಬಾಯಿಬಿಟ್ಟರು. "ನಿನ್ನ ಮಾತು ಕೇಳ್ಕೊಂಡು ನಿಮ್ಮಕ್ಕ ಆಪರೇಷನ್ ಬೇಡ ಅಂದುಬಿಟ್ಲು ಕಣಯ್ಯಾ. ಅವಳಿಲ್ದೆ ಸಂಗೀತ ಕಛೇರಿ ಸಪ್ಪೆಯಾಗಿತ್ತಂತಲ್ಲ. ಇಂಜೆಕ್ಷನ್ ತಗೊಂಡಾದ್ರೂ ನುಡಿಸ್ತೀನಿ ಅಂತಾಳೆ." ತಿರುಪು ನನ್ನ ಕೈಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ಹುಡುಕುತ್ತಲೇ ಅವರು ಉಳಿದದ್ದನ್ನೂ ಹೇಳಿದರು. ನಿನ್ನ ಹೆಬ್ಬೆರಳಿನ ಕೀಲು ಊದಿದೆಯಂತೆ. ಬೆಳಿಗ್ಗೆ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಡುತ್ತಾರಂತೆ. ಆಪರೇಷನ್ ಆದರೆ ನುಡಿಸುವುದು ಬಿಡಬೇಕು, ಮಾಡಿಸದೆ ಇನ್ನೂ ನುಡಿಸಿದರೆ ಆ ಕೈ ಲೋಟ ಹಿಡಿಯುವುದಕ್ಕೂ ಆಗದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರಂತೆ.

ಸಪ್ಪೆಯಾಗಿತ್ತು ಎಂದು ನಿನಗೆ ಹೇಳಿದವನು ನಾನೇ. ಅದು ಸುಳ್ಳು, ಅಕ್ಕಾ.

ಟಿಕೆಟ್ಟನ್ನು ನೀನೇ ಕಳಿಸಿದ್ದೆ. "ಹೋಗಿ ಕೇಳ್ಕೊಂಡು ಬಾರೋ. ನಾನಿಲ್ದೇ ಇರೋದು ಅವ್ರಿಗೆ ಗೊತ್ತಾಗುತ್ತಾ ನೋಡ್ಕೊಂಡು ಬಾ" ಎಂದಿದ್ದೆ. ನನ್ನ ಪರಿಸ್ಥಿತಿ ನಿನಗೆ ಹೊಳೆದೇ ಇಲ್ಲ. ಇಷ್ಟು ವರ್ಷ, ಪಿಟೀಲಿನ ದೊಡ್ಡಣ್ಣನಂತಿರುವ ನಿನ್ನ ಚೆಲ್ಲೋದ ಆಳೆತ್ತರದ ಪೆಟ್ಟಿಗೆ ಹೊತ್ತವನು ನಾನು. ನಿಮ್ಮ ತಂಡದ ಒಂದೊಂದು ಕಛೇರಿಗೂ ಬಂದಿದ್ದೇನೆ, ಒಂದನ್ನೂ ಎದುರಿಗೆ ಕೂತು ಕೇಳಿಲ್ಲ. ವೇದಿಕೆಯ ಪಕ್ಕದ ಪರದೆಯ ಹಿಂದೆ, ಜೇಬಿನಲ್ಲಿ ಬಿಡಿ ತಂತಿಗಳ ಸುರುಳಿ ಇಟ್ಟುಕೊಂಡು ನಿಲ್ಲುವುದೇ ನನ್ನ ಸಂಗೀತವಾಗಿತ್ತು. ಉಕ್ಕಿನ ತಂತಿಯಾದರೆ ಇಷ್ಟು ರಗಳೆಯಿಲ್ಲ. ಮುನ್ನೂರು ವರ್ಷದ ಹಿಂದಿನ ಯೂರೋಪಿನ ಸಂಗೀತವನ್ನು ಆ ಕಾಲದ ವಾದ್ಯದಲ್ಲೇ ನುಡಿಸಬೇಕೆಂಬ ಹಟ ನಿಮ್ಮದು. ಕುರಿಯ ಕರುಳಿನ ತಂತಿಗೋ ದೀಪದ ಬಿಸಿ ತಾಗಿದರೆ ಸಾಕು, ಶ್ರುತಿ ಬಿಟ್ಟು ಹೋಗುತ್ತದೆ. ಒಮ್ಮೆ ತಂತಿ ಕಿತ್ತು ನಿನ್ನ ಕೆನ್ನೆಗೆ ಬಾರಿಸಿದಾಗಿನಿಂದ, ನಿನ್ನ ಕಮಾನು ಮೇಲಿನ ತಂತಿಗೆ ಹೋದಾಗಲೆಲ್ಲ ನಾನು ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಪಿಯಾನೋದ ಅಜ್ಜಿಯಂತಿರುವ ಆ ಹಾರ್ಪ್ಸಿಕಾರ್ಡಿನ ಮುಚ್ಚಳ ಸಭಿಕರ ಕಡೆಗೆ ತೆರೆಯುತ್ತದಲ್ಲ, ಹಿಂದೆ ನಿಂತ ನನಗೆ ಅದರ ಕಟ್ಟಿಗೆಯ ಟಕಟಕ ಮಾತ್ರ. ಚೆನ್ನಾಗಿತ್ತೇನೋ ಎಂದು ನೀನು ಕೇಳಿದರೆ ತಂತಿ ಕಿತ್ತುಹೋಗಲಿಲ್ಲ ಎನ್ನುತ್ತಿದ್ದೆ. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದು ನಗುತ್ತಿದ್ದೆ ನೀನು.

ಆ ಸಂಜೆ ಮೂರನೇ ಸಾಲಿನಲ್ಲಿ ಕೂತೆ. ನಿಮ್ಮ ತಂಡದ ಮೀಸೆ ಮೇಷ್ಟ್ರು ಇನ್ನಿಬ್ಬರ ಜೊತೆ ಪಿಟೀಲು ಹಿಡಿದು ಬಂದರು, ನಿನ್ನ ಜಾಗದಲ್ಲಿ ನಿನ್ನ ಶಿಷ್ಯೆ ಆ ಉದ್ದನೆಯ ಹುಡುಗಿ ಕೂತಳು. ಶ್ರುತಿ ಮಾಡಿಕೊಂಡದ್ದಕ್ಕೇ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ತಪ್ಪು ಕಂಡುಹಿಡಿಯಬೇಕೆಂದೇ ಕಿವಿ ನಿಮಿರಿಸಿಕೊಂಡಿದ್ದೆ, ನಿನ್ನಾಣೆ. ಮೊದಲು ಎತ್ತಿಕೊಂಡದ್ದು ಅದೇ, ಬ್ಯಾಂಕಿನವರು ಫೋನಿನಲ್ಲಿ ಕಾಯಿಸುವಾಗ ಹಾಕುವ, ಲಿಫ್ಟುಗಳಲ್ಲಿ ಸವೆದು ಹೋಗಿರುವ ರಚನೆ. ಚೆಲ್ಲೋಗೆ ಅದೇ ನಾಲ್ಕಾರು ಸ್ವರ, ಸುತ್ತಿದ್ದೇ ಸುತ್ತಿದ್ದು. ಅದನ್ನು ಗಾಣದೆತ್ತಿನ ಪಾಡು ಎಂದು ನೀನು ಬೈಯುತ್ತಿದ್ದೆ.

ಎದುರಿಗೆ ಕೂತರೆ ಅದು ಬೇರೆಯೇ. ಕರುಳಿನ ತಂತಿಯ ಸ್ವರ ಮೊದಲು ಸ್ವಲ್ಪ ಕರಕರ ಎಂದು, ಆಮೇಲೆ ಬಾಯಿ ಬಿಡುತ್ತದೆ, ನಿದ್ದೆಯಿಂದೆದ್ದವರು ಗಂಟಲು ಸರಿಮಾಡಿಕೊಂಡು ಮಾತಾಡಿದ ಹಾಗೆ. ಅದರ ಮೇಲೆ ಒಂದು ಪಿಟೀಲು ಹೇಳಿದ್ದನ್ನೇ ಇನ್ನೊಂದು ಹೇಳುತ್ತ, ಮತ್ತೊಂದು ಹಿಂದೆಯೇ ಓಡಿ ಬರುತ್ತ, ನಡುನಡುವೆ ಹಾರ್ಪ್ಸಿಕಾರ್ಡು ಚಿಲ್ಲರೆ ಸುರಿದಂತೆ ನಗುತ್ತ! ಅದು ನಗುವ ವಾದ್ಯವೆಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಗಾಣದೆತ್ತು ಎಂದಿದ್ದೆಯಲ್ಲ, ಆ ಕೆಳಗಿನ ಸ್ವರಗಳು ಸುಮ್ಮನೆ ಸುತ್ತುತ್ತಿದ್ದುದರಿಂದಲೇ ಮೇಲಿನವರು ಅಷ್ಟು ಧೈರ್ಯವಾಗಿ ಕುಣಿಯುತ್ತಿದ್ದರು. ನನ್ನ ಕಾಲು ತಾನಾಗಿ ತಾಳ ಹಾಕಿತು. ಪಕ್ಕದ ಹೆಂಗಸು ಗದರುವಂತೆ ನೋಡಿದರೂ ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಸಂತೋಷಕ್ಕೆ.

ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ನೀನು ನೆನಪಾದೆ. ಆವರೆಗೆ ನೆನಪಾಗಿರಲಿಲ್ಲ. ಎತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಕೂತುಬಿಟ್ಟೆ. ಮನೆಯಲ್ಲಿ ಒಬ್ಬಳು ಬಿಸಿನೀರಿನಲ್ಲಿ ಬೆರಳು ಅದ್ದಿಕೊಂಡು ಕೂತಿರುವಾಗ, ಅವಳ ಕುರ್ಚಿಯಲ್ಲಿ ಇನ್ನೊಬ್ಬಳು ಕೂತದ್ದಕ್ಕೆ ಅವಳ ಒಡಹುಟ್ಟಿದವನು ಕುಣಿದಾಡುತ್ತಾನೆಂದರೆ ಏನನ್ನಬೇಕು? ಇದಕ್ಕಿಂತ ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ. ನೀನು ಅಲ್ಲಿ ಇಲ್ಲದ್ದರಿಂದಲೇ ನನಗೆ ಅಷ್ಟು ಚೆನ್ನಾಗಿ ಕೇಳಿಸಿತು. ಆ ಹುಡುಗಿಯ ತಂತಿ ಕಿತ್ತರೆ ಕಿತ್ತುಕೊಳ್ಳಲಿ, ನನಗೇನು? ನಿನಗೇನಾದೀತೋ ಎಂಬ ಭಯ ಇಲ್ಲದ ಜಾಗದಲ್ಲಿ ಸಂಗೀತ ಬಂದು ಕೂತಿತು.

ಅಭ್ಯಾಸಬಲ, ಆಮೇಲೆ ಹಿಂಬಾಗಿಲಿಗೆ ಹೋದೆ. ಆ ಹುಡುಗಿಯ ಅಪ್ಪ ಪೆಟ್ಟಿಗೆಯನ್ನು ಆಗಲೇ ಹೆಗಲಿಗೇರಿಸಿದ್ದರು. ಮೀಸೆ ಮೇಷ್ಟ್ರು "ನಿಮ್ಮಕ್ಕ ಚೆನ್ನಾಗಿ ತಯಾರು ಮಾಡಿದ್ದಾರೆ ಹುಡುಗೀನ" ಎಂದರು. ಆ ಮಾತನ್ನು ಕೂಡ ನಿನಗೆ ತಲುಪಿಸಲಿಲ್ಲ ನಾನು. ಮನೆಗೆ ಬಂದು ಫೋನ್ ಮಾಡಿದಾಗ ನಿನ್ನ "ಹೇಗಿತ್ತೋ" ಎನ್ನುವ ದನಿ ಕೇಳಿಯೇ ನಾಲಿಗೆ ಹೊರಳಿ, ಸಪ್ಪೆಯಾಗಿತ್ತು ಎಂದುಬಿಟ್ಟೆ. ನಿನ್ನನ್ನು ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ನಾನು ಪಟ್ಟ ಸುಖವನ್ನು ಮುಚ್ಚಿಟ್ಟುಕೊಳ್ಳುತ್ತಿದ್ದೆ. ಆ ಸುಳ್ಳನ್ನು ನಂಬಿ ನೀನು ಕೈಯನ್ನೇ ಪಣಕ್ಕಿಡುತ್ತೀಯೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇದನ್ನು ಓದಿ ನೀನು ಅಳುತ್ತೀಯ, ಗೊತ್ತು. ನನ್ನ ಮುಖ ನೋಡುವುದಿಲ್ಲ ಅಂದರೂ ಸರಿ. ಆದರೆ ಸೋಮವಾರ ಆಸ್ಪತ್ರೆಗೆ ಹೋಗು. ಭಾವ ಆಪರೇಷನ್ನಿನ ದಿನವನ್ನು ಇನ್ನೂ ರದ್ದು ಮಾಡಿಸಿಲ್ಲ, ನಿನಗೆ ಹೇಳದೆ ಹಾಗೆಯೇ ಇಟ್ಟಿದ್ದಾರೆ. ನೀನು ಕೇಳಿದ್ದ ಪ್ರಶ್ನೆಗೆ ಈಗ ಸರಿಯಾದ ಉತ್ತರ ಕೊಡುತ್ತೇನೆ: ಇಲ್ಲ ಅಕ್ಕಾ, ನೀನಿಲ್ಲದ್ದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆ ಕೈ ಅವರಿಗೆ ಬೇಕಾಗಿಲ್ಲ. ಅದು ಬೇಕಾಗಿರುವುದು ನಮಗೆ.

ನನ್ನ ಆಯಸ್ಸಿನಲ್ಲಿ ಒಂದಷ್ಟು ನಿನ್ನ ಬೆರಳುಗಳಿಗೆ ಸೇರಲಿ. ಕ್ಷಮಿಸು ಎಂದು ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ ತಮ್ಮ