ಅಪ್ಪನ ಕಾಲಿನ ಅಚ್ಚು

ಜಮಖಂಡಿ
ತಾ. 18-11-2023

ಪ್ರೀತಿಯ ಹಾಲಕ್ಕನಿಗೆ,

ಇಲ್ಲಿಂದಲೇ ನಿನ್ನ ಪಾದ ಮುಟ್ಟುತ್ತೇನೆ. ದೀಪಾವಳಿಗೆ ಬೀಳಗಿಗೆ ಬರುತ್ತೇನೆಂದು ಹೇಳಿ ಬರಲಿಲ್ಲ. ನಿನ್ನ ಎರಡು ಪತ್ರಗಳಿಗೆ ಉತ್ತರವನ್ನೂ ಬರೆಯಲಿಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಚಹಾ ಇಟ್ಟುಕೊಂಡು ಕೂತು ಓದು. ಫೋನಿನಲ್ಲಿ ಒದರಿ ಹೇಳೋಣವೆಂದರೆ ನಿನ್ನ ಕಿವಿಗೆ ಬೀಳುವುದಿಲ್ಲ, ಬೀಳುವುದು ನನ್ನ ಓಣಿಯವರ ಕಿವಿಗೆ. ಸೋಮಲಿಂಗ ಮಾವನ ಮೊಣಕಾಲು ನೋವು ಕಡಿಮೆಯಾಯಿತೇ? ಮಕ್ಕಳು ಹೇಗಿದ್ದಾರೆ?

ನೀನು ಎರಡೂ ಪತ್ರಗಳಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಅಪ್ಪನ ಕಾಲು ಹೇಗಿದೆ ಎಂದು. ಹೇಳುತ್ತೇನೆ. ಆದರೆ ನನಗೆ ಒಂದೇ ಸಾಲಿನಲ್ಲಿ ಹೇಳಲು ಬರುವುದಿಲ್ಲವೆಂಬುದು ನಿನಗೆ ಹೊಸದೇನೂ ಅಲ್ಲ.

ಆಗಸ್ಟಿನಲ್ಲಿ ಬಲಗಾಲಿನ ಹೆಬ್ಬೆರಳು ತೆಗೆದ ದಿನ ನೀನೂ ಆಸ್ಪತ್ರೆಯಲ್ಲಿದ್ದೆ. ನೀನು ಊರಿಗೆ ಹೋದ ಮರುದಿನ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರು: "ಅಜ್ಜಾರ, ಸಕ್ಕರಿ ಕಾಯಿಲೆಯಿಂದ ನಿಮ್ಮ ಕಾಲಿಗೆ ಸ್ಪರ್ಶಾನ ಉಳಿದಿಲ್ಲ. ಇನ್ನೊಂದು ಗಾಯ ಆತಂದ್ರ ಪಾದ ತಗೀಬೇಕಾಗ್ತೈತಿ. ಇನ್ನ ಮ್ಯಾಲೆ ಮೆತ್ತನ್ನ ಮುಚ್ಚಿದ ಬೂಟ ಹಾಕ್ಕೋಬೇಕು."

ಐವತ್ತು ವರ್ಷ ಚಪ್ಪಲಿ ಮಾಡಿದ ಮನುಷ್ಯನಿಗೆ ಹೇಳುವ ಮಾತೇ ಇದು? ಮನೆಗೆ ಬಂದ ಮೇಲೆ ಅಪ್ಪ ಗೊಣಗಿದ. "ಬೂಟ ಅಂದ್ರ ಕಾಲಿಗೆ ಜೇಲು. ನಾ ಏನ ತಪ್ಪ ಮಾಡೇನಿ?" ಆದರೆ ಹೆಬ್ಬೆರಳಿನ ಕುಣಿಕೆಯೇ ನಮ್ಮ ಚಪ್ಪಲಿಯ ಜೀವ. ಬೆರಳೇ ಇಲ್ಲದ ಮೇಲೆ ಚಪ್ಪಲಿ ಕಾಲಲ್ಲಿ ಹೇಗೆ ನಿಲ್ಲಬೇಕು? ಪೇಟೆಯಿಂದ ಎರಡು ಜೊತೆ ಬೂಟು ತಂದೆ. ಜೀವಮಾನವಿಡೀ ಬಯಲಲ್ಲಿ ಬೆಳೆದ ಪಾದ, ಸೌತೆಕಾಯಿಯಂಥ ಬೂಟಿನೊಳಗೆ ಎಲ್ಲಿ ಹೋಗುತ್ತದೆ? ಎರಡೂ ಉಜ್ಜಿ ಕೆಂಪು ಮಾಡಿದವು. ಇನ್ನು ಅಪ್ಪನ ಪಾದಕ್ಕೇ ಅಳೆದು ಮಾಡಬೇಕು, ಬೇರೆ ದಾರಿ ಇಲ್ಲ ಎಂದು ಅವತ್ತೇ ನಿರ್ಧರಿಸಿದೆ.

ಮಾಡುವವರು ಯಾರು? ನಮ್ಮ ಚರ್ಮದ ಕೆಲಸವೆಲ್ಲ ರೊಟ್ಟಿಯಂತೆ ಚಪ್ಪಟೆ. ಚರ್ಮವನ್ನು ಎಳೆದು ಬಗ್ಗಿಸಿ ಬೂಟಿಗೆ ಮೂಗು ಮೂಡಿಸುವುದು ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿಲ್ಲ. ಆಗ ಚಪ್ಪಲಿ ಹೊಲಿಯುವ ನಮ್ಮ ಮಹಿಳಾ ಸಂಘದ ಶೆಡ್ಡಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಯಂತ್ರ ನೆನಪಾಯಿತು. ಕೊಲ್ಲಾಪುರದ ಕಡೆ ಮುಚ್ಚಿಹೋದ ಯಾವುದೋ ಬೂಟಿನ ಕಾರ್ಖಾನೆಯದು. ಕಟ್ಟಿಗೆಯ ಕಾಲಿಗೆ, ಅದನ್ನೇ ಅಚ್ಚು ಅನ್ನುತ್ತಾರೆ, ಚರ್ಮ ಹೊದಿಸಿ ತಲೆಕೆಳಗಾಗಿ ಅದರಲ್ಲಿ ಕೂರಿಸಬೇಕು. ಪೆಡಲು ತುಳಿದರೆ ಏಳು ಇಕ್ಕಳಗಳು ಸುತ್ತಲಿನಿಂದ ಚರ್ಮದ ಅಂಚು ಹಿಡಿದು ಎಳೆಯುತ್ತವೆ. ಎಳೆದಾದ ಮೇಲೆ ಎರಡು ತಗಡಿನ ರೆಕ್ಕೆಗಳು ಬಂದು ಆ ಅಂಚನ್ನು ಮಡಚಿ, ಅಂಟು ಹಚ್ಚಿದ ತಳಕ್ಕೆ ಒತ್ತಿಬಿಡುತ್ತವೆ. ಅಪ್ಪ ಕೋಲೂರಿಕೊಂಡು ಬಂದು ಅದರ ಸುತ್ತ ಒಂದು ಸುತ್ತು ಹಾಕಿದ. "ಏಳು ಮಂದಿ ಬೀಗರು ಸೇರಿ ಒಂದು ಸೀರಿ ಜಗ್ಗಿದಂಗ ಐತಲ್ಲಬೇ" ಅಂದ.

ರಿಪೇರಿಗೆ ಸಿಕ್ಕವನು ಗೌರೀಶಣ್ಣ. ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುವವನು, ಬೂಟಿನ ಯಂತ್ರ ಹುಟ್ಟಿದಾಗಿನಿಂದ ಕಂಡವನಲ್ಲ. ಆದರೂ, "ತಿರುಗೂದು, ಜಗ್ಗೂದು, ಬಿಡೂದು. ಮಗ್ಗದ ಬಳಗಾನ ಐತಿ ತಗೋರಿ" ಎಂದು ಅಂಗಿಯ ತೋಳು ಮಡಚಿದ. ಎರಡು ದಿನ ಬಿಚ್ಚಿ ಕೂಡಿಸಿ, ಮಗ್ಗದ ಒಂದು ಸ್ಪ್ರಿಂಗನ್ನೂ ಒಳಗೆ ಸೇರಿಸಿ, ಕಾರ್ಖಾನೆಯ ಹಳೆಯ ಅಚ್ಚೊಂದಕ್ಕೆ ಚರ್ಮ ಹೊದಿಸಿ ಪೆಡಲು ತುಳಿದ. ಏಳೂ ಇಕ್ಕಳಗಳು ಚರ್ಮ ಹಿಡಿದವು, ಎಳೆದವು, ಫಕ್ಕನೆ ಜಾರಿದವು. ಚರ್ಮ ಹಾರಿ ಅವನ ತೊಡೆಯ ಮೇಲೆ ಬಿತ್ತು. ಮತ್ತೆ ಬಿಚ್ಚಿದ, ಮತ್ತೆ ಜಾರಿತು. ಮೂರನೆಯ ದಿನ ಪಾಪ, ಊಟಕ್ಕೂ ಏಳಲಿಲ್ಲ.

ನಾನು ಚರ್ಮ ಎತ್ತಿ ಮೂಸಿದೆ. ಹರಳೆಣ್ಣೆ! ಅಪ್ಪ ದಿನಾ ಬೆಳಿಗ್ಗೆ ನಮಗಿಂತ ಮೊದಲು ಶೆಡ್ಡಿಗೆ ಬಂದು ಆ ಚರ್ಮಕ್ಕೆ ಮನಸಾರೆ ಎಣ್ಣೆ ತಿಕ್ಕಿ ಹೋಗುತ್ತಿದ್ದ. ಕೇಳಿದರೆ ನನ್ನನ್ನೇ ಗದರಿಸಿದ. "ಎಣ್ಣಿ ಕುಡೀದ ಚರ್ಮ ಕಾಲಿಗೆ ಹಾಕ್ತಾರೇನು? ನಿಮ್ಮವ್ವ ಕೂಸಿಗೆ ಎಣ್ಣಿ ಹಚ್ಚಲಾರದ ಎರೀತಿದ್ಲೇನು?" ಗೌರೀಶಣ್ಣ ಸ್ಪಾನರ್ ಕೆಳಗಿಟ್ಟು ಯಂತ್ರಕ್ಕೇ ಕೈ ಮುಗಿದ. "ತಪ್ಪಾತು ತಾಯಿ. ಮೂರು ದಿನ ಸುಮ್ಮಸುಮ್ಮನ ನಿನ್ನ ಬೈದೆ" ಅಂದ. ಶೆಡ್ಡಿನ ಹೆಂಗಸರೆಲ್ಲ ನಕ್ಕು ನಕ್ಕು ಸಾಕಾಯಿತು, ಅಪ್ಪನೂ ನಕ್ಕ.

ಒಣ ಚರ್ಮ ಹಾಕಿದ ಮೇಲೆ ಯಂತ್ರ ಮದುವಣಗಿತ್ತಿಯಂತೆ ಹೇಳಿದ ಮಾತು ಕೇಳಿತು. ಅಚ್ಚು ಮಾತ್ರ ನಾನೇ ಕೆತ್ತುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದ. ಜಾಲಿ ಕಟ್ಟಿಗೆ ತರಿಸಿ, ಮರ ಕೆತ್ತುವ ಬಾಚಿ ಹಿಡಿದು ಎಂಟು ದಿನ ಕೂತು ಕೆತ್ತಿದ. ಎಂಥ ಅಚ್ಚು ಅಂತೀಯಾ ಅಕ್ಕ! ಹಿಮ್ಮಡಿ, ಹರಡು, ಪಾದದ ಅಗಲ, ಎಲ್ಲ ಅಪ್ಪನದೇ. ನಾವೆಲ್ಲ ಭೇಷ್ ಅಂದೆವು. ಅದರ ಮೇಲೆ ಮೊದಲ ಜೊತೆ ಬೂಟು ಎದ್ದಿತು. ಅಪ್ಪ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದ. ಬಿಚ್ಚಿ ನೋಡಿದರೆ ಬಲಗಾಲಿನ ಎರಡನೆಯ ಬೆರಳ ಬುಡದಲ್ಲಿ ಬೊಬ್ಬೆ. ಅಪ್ಪನಿಗೆ ಅದು ತಿಳಿದೇ ಇರಲಿಲ್ಲ. ಆಸ್ಪತ್ರೆಗೆ ಓಡಿದೆವು. ಒಡೆದಿಲ್ಲ, ಒಡೆಯಲು ಬಿಡಬೇಡಿ ಎಂದು ಪಟ್ಟಿ ಕಟ್ಟಿ ಕಳಿಸಿದರು.

ಅದು ಮಾಯುವವರೆಗೆ ಹತ್ತು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಒಂದು ಮಧ್ಯಾಹ್ನ ಆ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಿದ್ದಾಗ ಗೊತ್ತಾಯಿತು. ಅಪ್ಪ ತನ್ನ ಹಳೆಯ ಕಾಲನ್ನು ಕೆತ್ತಿದ್ದ. ಹೆಬ್ಬೆರಳನ್ನೂ ಸೇರಿಸಿ, ಐದು ಬೆರಳಿನ ಕಾಲು. ಇಲ್ಲದ ಬೆರಳಿಗೆ ಬಿಟ್ಟ ಜಾಗದೊಳಗೆ ಪಾದ ಜಾರಿ ಉಜ್ಜಿತ್ತು. ನಾವು ಹತ್ತು ಮಂದಿ ನೋಡಿದೆವು, ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಹೇಗೆ ಹೇಳುವುದು? ಅಚ್ಚನ್ನು ಒಯ್ದು ಸುಮ್ಮನೆ ಅವನ ಮುಂದಿಟ್ಟೆ. ಅಪ್ಪ ಅದನ್ನು ನೋಡಿದ, ತನ್ನ ಕಾಲನ್ನು ನೋಡಿದ. "ಬಾಚಿ ಕೊಡಬೇ" ಅಂದ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಹೋದೆ. ತಿರುಗಿ ಬಂದಾಗ ನೆಲದ ತುಂಬ ಕಟ್ಟಿಗೆಯ ಚಕ್ಕೆ, ಅಚ್ಚಿನ ತುದಿ ನುಣ್ಣಗೆ. "ನೋಡು, ಡಾಕ್ಟರಗಿಂತ ಚಂದ ತಗದೇನಿ" ಎಂದು ಅದನ್ನು ನನ್ನ ಕೈಗಿಟ್ಟ. ಅಕ್ಕ, ನಾನು ನಗಲೂ ಇಲ್ಲ, ಅಳಲೂ ಇಲ್ಲ. ನೇರವಾಗಿ ಹೋಗಿ ಚರ್ಮ ಕೊಯ್ಯಲು ಕೂತೆ.

ಎರಡನೆಯ ಜೊತೆ ಹಾಕಿಕೊಂಡು ಇವತ್ತಿಗೆ ಇಪ್ಪತ್ತೆರಡು ದಿನ. ಒಂದು ಗೀರೂ ಇಲ್ಲ. ಮೊನ್ನೆ ಡಾಕ್ಟರು ಬೂಟಿನೊಳಗೆ ಕೈ ಹಾಕಿ ತಡವಿ ನೋಡಿ, "ಇಂಥಾವು ಇನ್ನ ಆರು ಮಂದಿಗೆ ಬೇಕಾಗ್ಯಾವು, ಮಾಡಿ ಕೊಡ್ತೀರೇನು?" ಎಂದು ಕೇಳಿದರು. ಅಪ್ಪ ಈಗ ದಿನಾ ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತಾನೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕಾಲೆತ್ತಿ ತೋರಿಸುತ್ತಾನೆ. ಜೇಲಿನ ಮಾತು ಈಗ ಇಲ್ಲ. ಅಂತೂ ನಿನ್ನ ಪ್ರಶ್ನೆಗೆ ಉತ್ತರ ಬಂತು: ಕಾಲು ಉಳಿದಿದೆ.

ಸಂಕ್ರಾಂತಿಗೆ ಖಂಡಿತ ಬರುತ್ತೇವೆ. ನಿನ್ನ ಪಾದದ ಗುರುತನ್ನು ಒಂದು ಹಾಳೆಯ ಮೇಲೆ ಬರೆದು ಕಳಿಸು, ನಿನಗೂ ಒಂದು ಜೊತೆ ಮಾಡುತ್ತೇನೆ. ಮಾವನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ನನಗೆ ಅದು ಬೇಕು.

ನಿನ್ನ ತಂಗಿ,
ಬನಶಂಕರಿ

ತಾ.ಕ.: ಈ ಹಾಳೆಯನ್ನು ನೀನೊಬ್ಬಳೇ ಓದು, ಮಾವನ ಕೈಗೂ ಕೊಡಬೇಡ. ಅಪ್ಪನ ಬೆರಳಿಗೆ ಹೊಲದ ದಾರಿಯಲ್ಲಿ ಮುಳ್ಳು ಚುಚ್ಚಿತ್ತೆಂದು ನೀವೆಲ್ಲ ನಂಬಿದ್ದೀರಿ. ಮುಳ್ಳಲ್ಲ ಅಕ್ಕ. ಆಸ್ಪತ್ರೆಯಿಂದ ಬಂದ ದಿನ ಅವನ ಚಪ್ಪಲಿ ಎತ್ತಿಡಲು ಹೋಗಿ ಒಳಗೆ ಕೈಯಾಡಿಸಿದೆ. ಹೆಬ್ಬೆರಳಿನ ಕುಣಿಕೆಯ ಬುಡದಲ್ಲಿ ಒಂದು ಸಣ್ಣ ಮೊಳೆಯ ತುದಿ ಮೇಲೆದ್ದಿತ್ತು. ನಮ್ಮ ಚಪ್ಪಲಿಗೆ ಮೊಳೆ ಹೊಡೆಯುವುದಿಲ್ಲ, ಎಲ್ಲ ಚರ್ಮದ ದಾರದ ಹೊಲಿಗೆ. ಜೂನಿನಲ್ಲಿ ಕುಣಿಕೆ ಸಡಿಲಾಗಿದೆಯೆಂದು ಅಪ್ಪ ಅದನ್ನು ನನ್ನ ಕೈಗೆ ಕೊಟ್ಟಿದ್ದ. ಅವಸರವಿತ್ತು, ಹೊಲಿಯಲು ಬೇಸರವಾಗಿ ನಾನೇ ಆ ಮೊಳೆ ಹೊಡೆದಿದ್ದೆ. ಅದರ ಮೇಲೆ ಎಷ್ಟು ದಿನ ನಡೆದನೋ, ಅವನ ಕಾಲಿಗೆ ತಿಳಿಯಲಿಲ್ಲ. ಆ ಜೋಡನ್ನು ಕಾಲುವೆಗೆ ಎಸೆದು ಬಂದೆ. ಈಗ ಅವನು ಬಸ್ ಸ್ಟ್ಯಾಂಡಿನಲ್ಲಿ ಮಂದಿಗೆ ಹೇಳುವುದು ಏನು ಗೊತ್ತೇ? "ನನ್ನ ಕಾಲ ಉಳಿಸಿದಾಕಿ ನನ್ನ ಮಗಳು." ನಾನು ಪಕ್ಕದಲ್ಲಿ ನಗುತ್ತ ನಿಂತಿರುತ್ತೇನೆ. ಹೇಳಿಬಿಡಬೇಕೆಂದು ದಿನಾ ಬಾಯಿಯವರೆಗೆ ಬರುತ್ತದೆ. ಬೈಯುತ್ತಾನೆಂಬ ಹೆದರಿಕೆ ಇಲ್ಲ. ಕೇಳಿದ ಕೂಡಲೇ ನನ್ನ ತಲೆಯ ಮೇಲೆ ಕೈಯಿಟ್ಟು ನನ್ನನ್ನೇ ಸಮಾಧಾನ ಮಾಡುತ್ತಾನೆ. ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗುವುದಿಲ್ಲ.