ಆಸಿಫ ಕಂಡ ಜಲಾಂತರ್ಗಾಮಿ

ನಿಪ್ಪಾಣಿ
೧೨ ಸೆಪ್ಟೆಂಬರ್ ೨೦೨೪

ಮುದ್ದಿನ ಮಗ ಆಸಿಫನಿಗೆ ಅಮ್ಮಿಯ ಸಲಾಂ, ದುವಾ.

ನೀನು ಆಸ್ಪತ್ರೆಯಿಂದ ಹೊರಬಂದ ದಿನವೇ ಬರೆಯಬೇಕಿತ್ತು, ತಡವಾಯಿತು. ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪತ್ರ ಬರೆಯಲು ಕಲಿಸುತ್ತಲೇ ನಿವೃತ್ತಳಾದ ನನಗೆ ಮೊದಲ ಸಾಲೇ ಹೊಳೆಯಲಿಲ್ಲ. ಫೋನಿನಲ್ಲಿ ನೀನು ನಗುತ್ತೀಯ, ನಾನೂ ನಗುತ್ತೇನೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ಅದಕ್ಕೇ ಈ ಕಾಗದ.

ಅವತ್ತು, ಮುಳುಗಿದ ಹಡಗು ಹುಡುಕಲು ನಿನ್ನ ಜೊತೆ ಸಮುದ್ರಕ್ಕಿಳಿಯುವ ಕುನಾಲ ಇಂಗ್ಲೆಂಡಿನಿಂದ ನಿನ್ನ ತಂಗಿ ಹೀನಾಗೆ ಫೋನ್ ಮಾಡಿದ. ನೀನು ನೀರಿನಡಿ ಹಳೆಯ ಮೀನುಬಲೆಯೊಂದಕ್ಕೆ ಸಿಕ್ಕಿಕೊಂಡಿದ್ದೆ, ಬಲೆ ಕತ್ತರಿಸಿ ಮೇಲೆ ತಂದಿದ್ದೇವೆ, ಇನ್ನೂ ಎಚ್ಚರ ಬಂದಿಲ್ಲ ಎಂದನಂತೆ. ಹೀನಾ ಮುಚ್ಚಿಡಲು ನೋಡಿದಳು, ಅವಳ ಮುಖವೇ ಎಲ್ಲ ಹೇಳಿತು. ಪಕ್ಕದ ಮನೆಯ ರುಕ್ಮವ್ವ ಒಲೆ ಆರಿಸಿ ಬಂದು ನನ್ನ ಕೈ ಹಿಡಿದು ಕೂತಳು. ಮರುದಿನ ನಿನ್ನ ದನಿ ಕೇಳಿದಾಗ ನನಗಿಂತ ಮೊದಲು ಅತ್ತವಳೂ ಅವಳೇ.

"ಅಕ್ಕೋರ, ಈಗರ ಒಂದ್ ತುತ್ತು ಉಣ್ರಿ. ಹುಡುಗ ಮಾತಾಡ್ಯಾನಲ್ಲ" ಎಂದು ರೊಟ್ಟಿ ಮುರಿದು ಬಾಯಿಗಿಟ್ಟಳು.

ಆಮೇಲೆ ನನ್ನ ಸಿಟ್ಟೆಲ್ಲ ನೀವು ಹುಡುಕಿಕೊಂಡು ಇಳಿದಿದ್ದ ಆ ಜಲಾಂತರ್ಗಾಮಿಯ ಮೇಲೆ ತಿರುಗಿತು. ನೂರು ವರ್ಷದ ಹಳೆಯ ಕಬ್ಬಿಣ ಹುಡುಕಲು ಹೋಗಿ ನನ್ನ ಮಗ ಸಾಯಬೇಕಿತ್ತೇ? ಹೀನಾ ಓದಿ ಹೇಳಿದಳು. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲಿಷರು 'ಇ' ವರ್ಗದ ಜಲಾಂತರ್ಗಾಮಿಗಳನ್ನು ಐವತ್ತಕ್ಕೂ ಹೆಚ್ಚು ಕಟ್ಟಿದ್ದರಂತೆ. ಹೆಚ್ಚುಕಡಿಮೆ ಅರ್ಧ ನಾಶವಾದವಂತೆ. ಕೆಲವು ನೀರಿನೊಳಗಿನ ಸಿಡಿಗುಂಡಿಗೆ ಬಡಿದು ಒಡೆದವು. ಬಾಲ್ಟಿಕ್ ಸಮುದ್ರದಲ್ಲಿ ಉಳಿದವನ್ನು ಜರ್ಮನರ ಕೈಗೆ ಸಿಗಬಾರದೆಂದು ನಾವಿಕರೇ ಮುಳುಗಿಸಿದರು. ತುರ್ಕರ ಸಮುದ್ರದಲ್ಲಿ ಒಂದು ಮುಳುಗಿತು, ಅದರಲ್ಲಿದ್ದವರೆಲ್ಲ ಹೊರಬಿದ್ದು ಸೆರೆಯಾದರು, ಜೀವ ಉಳಿಯಿತು. ಇನ್ನು ಕೆಲವು ಬಂದರು ಬಿಟ್ಟು ಹೊರಟವು, ಅಷ್ಟೇ. ಏನಾದವೆಂದು ಯಾರಿಗೂ ತಿಳಿಯಲಿಲ್ಲ. ನೀನು ಕಂಡದ್ದು ಅಂಥದ್ದೊಂದು.

ಅದನ್ನು ಕೇಳಿದ ಮೇಲೆ ಸಿಟ್ಟು ಇಳಿಯಿತು. ಅದರೊಳಗೆ ಸತ್ತ ನಾವಿಕರಲ್ಲೊಬ್ಬನ ಮೊಮ್ಮಗಳು, ಈಗ ಮುದುಕಿ, ನಿಮ್ಮ ಹಡಗಿನಲ್ಲಿ ಆ ಜಾಗಕ್ಕೆ ಬಂದಿದ್ದಳೆಂದೆಯಲ್ಲ. ಒಳಗಿನವರನ್ನು ಯಾರೂ ಮುಟ್ಟುವುದಿಲ್ಲ, ಅದೇ ಅವರ ಗೋರಿ ಎಂದು ಅವಳಿಗೆ ಹೇಳಿದಿರಂತೆ. ಅವಳೇನೆಂದಳು ಎಂದು ನಾನು ಕೇಳಿದೆ.

"ಇಲ್ಲೇ ಅದಾನೇನು ಅಂದ್ಲು ಅಮ್ಮೀ, ಅಷ್ಟ. ಬಾಳೊತ್ತು ನೀರು ನೋಡಿದ್ಲು. ಆಮ್ಯಾಲ ಹಸಿವಾಗೈತಿ ಅಂತ ಊಟ ಕೇಳಿದ್ಲು."

ಆ ಊಟದ ರುಚಿ ನನಗೆ ಗೊತ್ತು ಮಗನೇ. ರುಕ್ಮವ್ವ ಬಾಯಿಗಿಟ್ಟ ತುತ್ತೂ ಅಂಥದ್ದೇ.

ಈಗ ಮನಸ್ಸು ಹಗುರಾಗಿದೆ, ಚೆನ್ನಾಗಿ ನಿದ್ದೆ ಬರುತ್ತಿದೆ. ಕುನಾಲನೂ ಇನ್ನು ಮೇಲೆ ನನ್ನ ಮಗನೇ ಎಂದು ಅವನಿಗೆ ಹೇಳು. ಅಲ್ಲಾಹ್ ನಿಮ್ಮಿಬ್ಬರ ಆಯುಷ್ಯ ಹೆಚ್ಚಿಸಲಿ.

ನಿನ್ನ ಅಮ್ಮಿ,
ಮೆಹರುಬಿ

ತಾ.ಕ.: ನಿನ್ನ ಅಬ್ಬಾ ಕೆಲಸಕ್ಕಿದ್ದ ರತ್ನಾಗಿರಿಯ ಮೀನುದೋಣಿ ಬಿರುಗಾಳಿಯಲ್ಲಿ ಕಾಣೆಯಾಗಿ ಹತ್ತು ವರ್ಷವಾಯಿತು. ಅವರ ಹೆಸರಿನಲ್ಲಿ, ಸತ್ತವರಿಗಾಗಿ ಓದುವ ಫಾತೆಹಾ ಓದಿಸೋಣ ಎಂದು ಹಿರಿಯರು ಬಂದಾಗಲೆಲ್ಲ ಬೇಡವೆಂದು ಕಳಿಸಿದೆ. ಓದಿಸಿದರೆ ನಾನೇ ಅವರನ್ನು ಸಾಯಿಸಿದಂತೆ ಅನ್ನಿಸುತ್ತಿತ್ತು. ಕಳೆದ ಶುಕ್ರವಾರ ಓದಿಸಿದೆ. ಅವರು ಇಲ್ಲಿದ್ದಾರೆಂದು ನಮಗೆ ಯಾರೂ ತೋರಿಸಲಾರರು. ನೀನು ಈ ಕೆಲಸ ಹಿಡಿದದ್ದು ಏಕೆಂದು ನನಗೆ ಗೊತ್ತಿದೆ, ಒಮ್ಮೆಯೂ ಕೇಳಲಿಲ್ಲ. ಹುಡುಕಿದ್ದು ಸಾಕು ಮಗನೇ. ಮನೆಗೆ ಬಾ.